ರಾಯಣ್ಣನ ರುಮಾಲಿಗೆ ಯಾವ ಬಣ್ಣ?

ನಿಡಸೋಸಿಯ ಒಂದು ಮನೆಯ ಮಹಡಿಕೋಣೆಯಲ್ಲಿ ಹಳೆಯ ಬಾಗಿಲೊಂದನ್ನು ಎರಡು ಕಬ್ಬಿಣದ ಸ್ಟ್ಯಾಂಡ್ ಮೇಲೆ ಅಡ್ಡ ಮಲಗಿಸಿ ಮಾಡಿದ ಟೇಬಲ್ ಇದೆ. ಅದರ ಮೇಲೆ ಥರ್ಮಾಕೋಲ್ ಕೊರೆದು ಕಟ್ಟಿದ ಕಿತ್ತೂರು ಕೋಟೆ, ಕಟ್ಟಿಗೆ ಪುಡಿಗೆ ಬಣ್ಣ ಕಲಸಿ ಉದುರಿಸಿದ ಎರೆಹೊಲ, ತೆಂಗಿನ ನಾರು ಕತ್ತರಿಸಿ ನೆಟ್ಟ ಜೋಳದ ಕೂಳೆ. ಇವುಗಳ ನಡುವೆ ಹೆಬ್ಬೆರಳಿನ ಅರ್ಧದಷ್ಟು ಎತ್ತರದ ನೂರಾರು ಸೈನಿಕರು. ಇಂಜಿನಿಯರಿಂಗ್ ಓದುವಾಗ ನನ್ನ ರೂಮ್‌ಮೇಟ್ ಆಗಿದ್ದ ದೋಸ್ತನ ಮನೆ ಅದು. ಅವನು ಕಂಪ್ಯೂಟರಿನಲ್ಲಿ ಆಕೃತಿ ಬಿಡಿಸಿ ಥ್ರೀಡಿ ಪ್ರಿಂಟರಿನಲ್ಲಿ ರೆಸಿನ್ ಸೈನಿಕರನ್ನು ತೆಗೀತಾನೆ. ನಾನು ರಜೆ ಸಿಕ್ಕಾಗ ಹೋಗಿ ಬಣ್ಣ ಹಚ್ಚುತ್ತೇನೆ. ಆಮೇಲೆ ಟೇಪು, ದಾಳ ಹಿಡಿದು ಇಬ್ಬರೂ ಯುದ್ಧ ಆಡುತ್ತೇವೆ. ಮೂವತ್ತು ದಾಟಿದ ಗಂಡಸರು ಗೊಂಬೆ ಆಡ್ತಾರೆ ಅಂತ ಅವನ ಮನೆಯವರು ನಗುತ್ತಾರೆ. ನಗಲಿ ಬಿಡಿ.

ಈ ಟೇಬಲ್‌ಗೆ ಸೇರಬೇಕಾದ ಒಬ್ಬನಿಗೆ ಮಾತ್ರ ಆರು ತಿಂಗಳಾದರೂ ಬಣ್ಣ ಬೀಳಲಿಲ್ಲ. ಬೂದು ಪ್ರೈಮರ್ ಹೊಡೆಸಿಕೊಂಡು, ಬಾಟಲಿ ಮುಚ್ಚಳಕ್ಕೆ ಅಂಟಿಕೊಂಡು, ಕಿಟಕಿಯಲ್ಲಿ ನಿಂತೇ ಇದ್ದ. ಸಂಗೊಳ್ಳಿ ರಾಯಣ್ಣ. ನನಗೆ ಸೋಮಾರಿತನ ಅಂತ ದೋಸ್ತನ ಆರೋಪ. ನಿಜ ಹೇಳಬೇಕೆಂದರೆ ಯಾವ ಬಣ್ಣ ಹಚ್ಚಬೇಕು ಅಂತ ಗೊತ್ತಾಗದೆ ಕೈ ಮುಂದೆ ಹೋಗಿರಲಿಲ್ಲ.

ಗೊತ್ತಿಲ್ಲದವರಿಗೆ ಈ ಹವ್ಯಾಸದ ಬಗ್ಗೆ ಎರಡು ಮಾತು. ಯುದ್ಧವನ್ನು ಟೇಬಲ್ ಮೇಲೆ ಆಡುವ ಹುಚ್ಚು ಹೊಸದಲ್ಲ. ಪ್ರಷ್ಯಾದ ಸೈನ್ಯಾಧಿಕಾರಿ ರೈಸ್‌ವಿಟ್ಸ್ ತನ್ನ ಅಪ್ಪ ಶುರು ಮಾಡಿದ್ದ ಆಟವನ್ನು ತಿದ್ದಿ ತೀಡಿ, ನಕ್ಷೆ, ದಾಳ, ಕೆಂಪು ನೀಲಿ ತುಂಡುಗಳ ಸಮೇತ ನಿಯಮಗಳ ಪುಸ್ತಕ ಹೊರತಂದದ್ದು 1824ರಲ್ಲಿ. ಕಿತ್ತೂರಿನ ಕೋಟೆ ಮುಂದೆ ನಿಜವಾದ ಗುಂಡು ಹಾರಿದ್ದೂ ಅದೇ ವರ್ಷ. 1893ರಲ್ಲಿ ಇಂಗ್ಲೆಂಡಿನ ವಿಲಿಯಂ ಬ್ರಿಟನ್ ಕಂಪನಿ ಒಳಗೆ ಟೊಳ್ಳಾದ ಸೀಸದ ಸೈನಿಕರನ್ನು ಮಾಡಿ ಅಗ್ಗಕ್ಕೆ ಮಾರಿತು. 1913ರಲ್ಲಿ ಎಚ್.ಜಿ. ವೆಲ್ಸ್ ಎಂಬ ಪ್ರಸಿದ್ಧ ಲೇಖಕ ಆ ಗೊಂಬೆಗಳಿಂದ ಆಡುವ ಆಟಕ್ಕೆ ಲಿಟಲ್ ವಾರ್ಸ್ ಅನ್ನೋ ಪುಸ್ತಕವನ್ನೇ ಬರೆದ. ಮರು ವರ್ಷವೇ ಮೊದಲ ಮಹಾಯುದ್ಧ ಬಂತು. ಈಗ ಚಾಲ್ತಿಯಲ್ಲಿರುವ ಅಳತೆ 28 ಮಿಲಿಮೀಟರ್. ಅಂದಾಜು ಲೆಕ್ಕಕ್ಕೆ ಮನುಷ್ಯನನ್ನು ಐವತ್ತಾರು ಪಟ್ಟು ಕುಗ್ಗಿಸಿದಂತೆ. ಕಣ್ಣಿನ ಅಗಲ ಅರ್ಧ ಮಿಲಿಮೀಟರ್. ಸೊನ್ನೆ ನಂಬರಿನ ಬ್ರಷ್‌ನ ತುದಿಯಲ್ಲಿ ಉಸಿರು ಹಿಡಿದು ಒಂದು ಚುಕ್ಕೆ ಇಡಬೇಕು. ಹತ್ತಿರದ ಗೋಕಾಕದಲ್ಲಿ ಹಗುರ ಮರ ಕೆತ್ತಿ ಹಣ್ಣು, ತರಕಾರಿ, ದೇವರ ಗೊಂಬೆ ಮಾಡಿ ಬಣ್ಣ ಹಚ್ಚುವ ಕುಟುಂಬಗಳಿಗೆ ಇದೆಲ್ಲ ಮಕ್ಕಳಾಟ ಅನ್ನಿಸಬಹುದು.

ಕಂಪನಿ ಸರ್ಕಾರದ ಸೈನ್ಯಕ್ಕೆ ಬಣ್ಣ ಹಚ್ಚುವುದು ಒಂದು ವಾರದ ಕೆಲಸವಾಯಿತು. ಯಾಕೆಂದರೆ ಎಲ್ಲವೂ ಬರೆದಿಟ್ಟದ್ದೇ. ಪದಾತಿಗೆ ಕೆಂಪು ಕೋಟು, ಫಿರಂಗಿ ಪಡೆಗೆ ನೀಲಿ. ಕಾಲರು ಮತ್ತು ತೋಳಿನ ಪಟ್ಟಿಗೆ ಒಂದೊಂದು ರೆಜಿಮೆಂಟಿಗೆ ಒಂದೊಂದು ಬಣ್ಣ. ಎದೆ ಮೇಲೆ ಅಡ್ಡ ಹಾಯುವ ಬಿಳಿ ಪಟ್ಟಿ. ಮದ್ರಾಸ್ ಸೈನ್ಯದ ಸಿಪಾಯಿಯ ತಲೆ ಮೇಲೆ ಏನಿರಬೇಕು ಅನ್ನೋದಂತೂ ಎಷ್ಟು ದೊಡ್ಡ ವಿಷಯ ಅಂದರೆ, 1806ರ ವೆಲ್ಲೂರು ದಂಗೆ ಹೊತ್ತಿಕೊಂಡದ್ದೇ ಹೊಸ ಟೋಪಿ, ಗಡ್ಡ, ಹಣೆಯ ನಾಮದ ಮೇಲಿನ ಆದೇಶದಿಂದ. 1830ರ ದಶಕದಲ್ಲಿ ಅದೇ ವೆಲ್ಲೂರಿನ ಯಲ್ಲಪ್ಪ ಎಂಬ ಚಿತ್ರಕಾರ ಬ್ರಿಟಿಷ್ ಗಿರಾಕಿಗಳಿಗಾಗಿ ಸಿಪಾಯಿಗಳ ಚಿತ್ರ ಬರೆಯುತ್ತಿದ್ದ. ತನ್ನ ಚಿತ್ರವನ್ನೂ ಬರೆದುಕೊಂಡ. ಹಾಗಾಗಿ ಆ ಕಾಲದ ಸಾಮಾನ್ಯ ಸಿಪಾಯಿ ಹೇಗಿದ್ದ ಅಂತ ನಮಗೆ ಗೊತ್ತು.

ಮೈಸೂರಿನ ಕಡೆಯೂ ಹೀಗೇ. ಟಿಪ್ಪು 1780ರ ಪೊಳ್ಳಿಲೂರು ಯುದ್ಧವನ್ನು ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆ ತುಂಬ ಬರೆಸಿದ. ಅವನು ಸತ್ತ ಮೇಲೆ ಬ್ರಿಟಿಷರೇ ಅದನ್ನು ಮತ್ತೆ ತಿದ್ದಿ ಬರೆಸಿದರು. ಹಾಗಾಗಿ ಮೈಸೂರು ಸೈನಿಕನಿಗೆ ಬಣ್ಣ ಹಚ್ಚುವವನಿಗೆ ಹಿಡಿದುಕೊಳ್ಳಲು ಒಂದು ಗೋಡೆಯಾದರೂ ಇದೆ. ಕಿತ್ತೂರಿಗೆ ಅಂಥ ಗೋಡೆ ಇಲ್ಲ. ರಾಯಣ್ಣನಿಗಂತೂ ಅವನು ಬದುಕಿದ್ದಾಗ ಎದುರು ಕೂತು ಬರೆದ ಒಂದು ಗೆರೆಯೂ ನಮ್ಮ ಕೈಗೆ ಬಂದಿಲ್ಲ. ಕ್ಯಾಮೆರಾ ಇನ್ನೂ ನಮ್ಮ ಕಡೆ ಬಂದಿರಲಿಲ್ಲ. ಇವತ್ತು ಕ್ಯಾಲೆಂಡರು, ಫ್ಲೆಕ್ಸು, ಆಟೋ ಹಿಂಬದಿ, ಪ್ರತಿಮೆಗಳಲ್ಲಿ ಕಾಣುವ ರಾಯಣ್ಣ ಪೂರ್ತಿ ನಮ್ಮ ಕಾಲದ ಕಲಾವಿದರ ಕೈಕೂಸು.

ಹಾಗಾಗಿ ಬಣ್ಣದ ಡಬ್ಬಿ ಮುಚ್ಚಿಟ್ಟು ಅವನ ಬದುಕಿನ ಕಡೆ ಹೋದೆ. ಬಟ್ಟೆಯ ಸುಳಿವು ಅಲ್ಲೇ ಸಿಗಬೇಕು.

ಬೈಲಹೊಂಗಲ ಸೀಮೆಯ ಸಂಗೊಳ್ಳಿಯಲ್ಲಿ ರಾಯಣ್ಣ ಹುಟ್ಟಿದ. 1798ರ ಆಗಸ್ಟ್ 15 ಅಂತ ಜನ ಆಚರಿಸುತ್ತಾರೆ. ಅಪ್ಪ ಭರಮಪ್ಪ, ಅವ್ವ ಕೆಂಚವ್ವ. ಕುರುಬರ ಮನೆ. ಭಾಷಣಗಳಲ್ಲಿ ಅವನನ್ನು ಚೆನ್ನಮ್ಮನ ಸೇನಾಧಿಪತಿ, ಬಲಗೈ ಬಂಟ ಅಂತೆಲ್ಲ ಕರೆಯುತ್ತೇವೆ. ದಾಖಲೆಯಲ್ಲಿ ಅವನಿಗಿರುವ ಹುದ್ದೆ ಅದಕ್ಕಿಂತ ಬಹಳ ಸಣ್ಣದು: ಶೇತ್‌ಸನದಿ. ಊರಿನ ಕಾವಲು ಕಾಯಬೇಕು, ಕರೆ ಬಂದಾಗ ಆಯುಧ ಹಿಡಿದು ಹೋಗಬೇಕು. ಅದಕ್ಕೆ ಸಂಬಳದ ಬದಲು ಉಳೋದಕ್ಕೆ ಒಂದಷ್ಟು ಹೊಲ. ಶೇತ ಅಂದರೆ ಮರಾಠಿಯಲ್ಲಿ ಹೊಲ. ಸನದು ಪಾರ್ಸಿ ಆಡಳಿತದಿಂದ ಬಂದ ಮಾತು, ಹಕ್ಕುಪತ್ರ ಅಂತ. ಕನ್ನಡದವನೊಬ್ಬನ ಬದುಕು ಮರಾಠಿ ಮತ್ತು ಪಾರ್ಸಿ ಸೇರಿ ಆದ ಒಂದು ಪದದ ಮೇಲೆ ನಿಂತಿತ್ತು. ಬೆಳಗಾವಿಯ ಗಡಿ ಜಗಳದಲ್ಲಿ ಎರಡೂ ಕಡೆ ಕೂಗುವ ನನ್ನ ಗೆಳೆಯರಿಗೆ ಈ ಪದವನ್ನು ಒಮ್ಮೆ ಬಿಡಿಸಿ ನೋಡಿ ಅಂತ ಹೇಳುತ್ತಿರುತ್ತೇನೆ.

ಈ ಪದ ನನಗೆ ಬಣ್ಣದ ಮೊದಲ ಉತ್ತರವನ್ನೂ ಕೊಟ್ಟಿತು. ಶೇತ್‌ಸನದಿಗೆ ಸಮವಸ್ತ್ರ ಇರುವುದಿಲ್ಲ. ಅವನು ಮನೆಯಿಂದ ಉಟ್ಟು ಬಂದ ಬಟ್ಟೆಯಲ್ಲೇ ಸೈನಿಕ. ಚಲ್ಲಣವೋ ಮೊಣಕಾಲಿಗೆ ಕಟ್ಟಿದ ಧೋತರವೋ, ಹೆಗಲ ಮೇಲೆ ಕಂಬಳಿ, ತಲೆಗೆ ರುಮಾಲು. ಕೈಯಲ್ಲಿ ಕತ್ತಿ ಇರಬಹುದು, ಭರ್ಚಿ ಇರಬಹುದು, ಬತ್ತಿ ಹಚ್ಚಿ ಹಾರಿಸುವ ಬಂದೂಕು ಇರಬಹುದು.

1818ರಲ್ಲಿ ಪೇಶ್ವೆ ಆಡಳಿತ ಮುಗಿದು ಈ ಸೀಮೆ ಕಂಪನಿಯ ಕೈಗೆ ಬಂದಾಗ ರಾಯಣ್ಣನಿಗೆ ಇಪ್ಪತ್ತರ ವಯಸ್ಸು. ಕಿತ್ತೂರು ಸಂಸ್ಥಾನ ಕಪ್ಪ ಕಟ್ಟಿಕೊಂಡು ಉಳಿಯಿತು. 1824ರ ಸೆಪ್ಟೆಂಬರಿನಲ್ಲಿ ದೇಸಾಯಿ ಶಿವಲಿಂಗರುದ್ರ ಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಶಿವಲಿಂಗಪ್ಪನನ್ನು ದತ್ತು ತೆಗೆದುಕೊಂಡದ್ದನ್ನು ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಒಪ್ಪಲಿಲ್ಲ. ದತ್ತು ಮಕ್ಕಳಿಗೆ ಹಕ್ಕಿಲ್ಲ ಅನ್ನೋ ನೀತಿ ಅಂದರೆ ಶಾಲೆಯ ಪಾಠದಲ್ಲಿ ಡಾಲ್‌ಹೌಸಿ ನೆನಪಾಗುತ್ತಾನೆ. ಅವನು ಗವರ್ನರ್ ಜನರಲ್ ಆಗಿ ಬರೋದಕ್ಕೆ ಇನ್ನೂ 24 ವರ್ಷ ಇತ್ತು. ಥ್ಯಾಕರೆ ಖಜಾನೆಗೆ ಕಾವಲು ಹಾಕಿದ, ಕೋಟೆಯ ಒಳಗೆ ತನ್ನ ಜನರನ್ನಿಟ್ಟ. ಅಕ್ಟೋಬರ್ 23ರ ಬೆಳಗ್ಗೆ ಕೋಟೆ ಬಾಗಿಲು ತೆರೆಯಲಿಲ್ಲ. ಫಿರಂಗಿ ಇಟ್ಟು ಒಡೆಯುತ್ತೇನೆ ಅಂತ ಅವನು ಬೆದರಿಸಿದ. ಬಾಗಿಲು ಒಳಗಿನಿಂದಲೇ ತೆರೆಯಿತು, ಜನ ಒಮ್ಮೆಲೇ ನುಗ್ಗಿ ಬಂದರು. ಥ್ಯಾಕರೆ ಸತ್ತ, ಫಿರಂಗಿ ಪಡೆಯ ಬ್ಲ್ಯಾಕ್, ಸಿವೆಲ್, ಡೈಟನ್ ಎಂಬ ಅಧಿಕಾರಿಗಳೂ ಸತ್ತರು. ಸ್ಟೀವನ್‌ಸನ್ ಮತ್ತು ಎಲಿಯಟ್ ಸೆರೆ ಸಿಕ್ಕರು. ಈ ವಾಲ್ಟರ್ ಎಲಿಯಟ್ ಮುಂದೆ ನಮ್ಮ ಸೀಮೆಯ ಶಾಸನಗಳನ್ನು ಸಂಗ್ರಹಿಸಿದ ದೊಡ್ಡ ವಿದ್ವಾಂಸನಾದ. ಚೆನ್ನಮ್ಮನ ಸೆರೆಯಿಂದ ಜೀವಂತ ಹೋಗದಿದ್ದರೆ ಕರ್ನಾಟಕದ ಶಾಸನ ಅಧ್ಯಯನ ಇನ್ನಷ್ಟು ತಡವಾಗಿ ಶುರುವಾಗುತ್ತಿತ್ತೇನೋ.

ಡಿಸೆಂಬರಿನಲ್ಲಿ ಕಂಪನಿ ದೊಡ್ಡ ಸೈನ್ಯ ತಂದಿತು. ಸೊಲ್ಲಾಪುರದ ಸಬ್‌ಕಲೆಕ್ಟರ್ ಮನ್ರೋ ಸತ್ತ, ಆದರೆ ಕೋಟೆ ಬಿತ್ತು. ಚೆನ್ನಮ್ಮನನ್ನು ಬೈಲಹೊಂಗಲದ ಸೆರೆಗೆ ಒಯ್ದರು. ಐದನೇ ವರ್ಷ, 1829ರ ಫೆಬ್ರವರಿ 2ರಂದು ಆಕೆ ಅಲ್ಲೇ ತೀರಿಕೊಂಡರು. ರಾಯಣ್ಣ ಈ ಯುದ್ಧದಲ್ಲಿ ಸೆರೆ ಸಿಕ್ಕು, ಆಮೇಲೆ ಬಿಡುಗಡೆಯಾಗಿ ಊರಿಗೆ ಮರಳಿದ.

ಇಲ್ಲಿ ಸಿನಿಮಾಗಳು ನೇರವಾಗಿ ಕುದುರೆ ಹತ್ತಿಸಿ ಅವನನ್ನು ಕಾಡಿಗೆ ಓಡಿಸುತ್ತವೆ. ನನಗೆ ಮುಖ್ಯ ಅನ್ನಿಸೋದು ನಡುವಿನ ಆ ಸಪ್ಪೆ ವರ್ಷಗಳು. ಯುದ್ಧ ಮುಗಿದಿದೆ, ರಾಣಿ ಸೆರೆಮನೆಯಲ್ಲಿದ್ದಾರೆ, ರಾಯಣ್ಣ ಹೊಲದಲ್ಲಿದ್ದಾನೆ. ಸಂಸ್ಥಾನವೇ ಇಲ್ಲದ ಮೇಲೆ ಸಂಸ್ಥಾನಕ್ಕೆ ಸೇವೆ ಮಾಡಿದ್ದಕ್ಕೆ ಕೊಟ್ಟ ಹೊಲ ಯಾಕೆ? ಕಂಪನಿ ಸರ್ಕಾರದ ಲೆಕ್ಕಕ್ಕೆ ಅದು ಸರಿಯಾದ ಪ್ರಶ್ನೆಯೇ. ರಾಯಣ್ಣನ ಹೊಲದ ಒಂದು ಭಾಗ ಹೋಯಿತು, ಉಳಿದದ್ದಕ್ಕೆ ಭಾರೀ ಕಂದಾಯ ಬಿತ್ತು. ಅವನೊಬ್ಬನಿಗಾದ ಅನ್ಯಾಯ ಇದಾಗಿದ್ದರೆ ಅವನೊಬ್ಬನೇ ಸಿಟ್ಟಾಗುತ್ತಿದ್ದ. ಕಿತ್ತೂರಿನ ನೆರಳಿನಲ್ಲಿ ಸನದಿನ ಹೊಲ ಉಳುತ್ತಿದ್ದ ಇನ್ನೆಷ್ಟೋ ಮನೆಗಳಿಗೂ ಅದೇ ಗತಿ.

ಅದಕ್ಕೇ ಅವನು ಎದ್ದಾಗ ಮೊದಲು ಬೆಂಕಿ ಬಿದ್ದದ್ದು ಎಲ್ಲಿಗೆ ನೋಡಿ. ಕಂಪನಿಯ ದಂಡಿನ ಪಾಳೆಯಕ್ಕಲ್ಲ, ಬೀಡಿಯ ಕಚೇರಿಗೆ. 1830ರ ಆರಂಭದ ತಿಂಗಳುಗಳಲ್ಲಿ ಅವನ ಗುಂಪು ಖಾನಾಪುರ, ನಂದಗಡ, ಸಂಪಗಾವಿ ಸೀಮೆಯಲ್ಲಿ ಸರ್ಕಾರಿ ಕಚೇರಿಗಳನ್ನು ಸುಟ್ಟಿತು, ಖಜಾನೆ ದೋಚಿತು, ದಾರಿಯಲ್ಲಿ ಸಿಕ್ಕ ಸೈನ್ಯದ ತುಕಡಿಗಳ ಮೇಲೆ ಬಿದ್ದು ಕಾಡಿಗೆ ಮರೆಯಾಯಿತು. ಜಮೀನ್ದಾರರಿಂದ ಹಣ ಎತ್ತಿದ, ಅವರ ಕಾಗದಪತ್ರ ಸುಟ್ಟ. ಶಿವಲಿಂಗಪ್ಪನನ್ನು ಕಿತ್ತೂರಿನ ಗಾದಿಗೆ ಕೂರಿಸಬೇಕು ಅನ್ನೋದು ಗುರಿ. ಜನಪದದ ನೆನಪಿನಲ್ಲಿ ಅವನ ಜೊತೆ ಬಿಚ್ಚುಗತ್ತಿ ಚೆನ್ನಬಸಪ್ಪ ಇದ್ದಾನೆ, ಸಿದ್ದಿ ಜನಾಂಗದ ಗಜವೀರ ಇದ್ದಾನೆ.

ಕಂದಾಯದ ದಫ್ತರ ಅಂದರೆ ಆ ಕಾಲಕ್ಕೆ ಏನು ಅಂತ ನಮ್ಮ ಪೀಳಿಗೆಗೆ ಹೇಳೋದು ಕಷ್ಟವೇನಲ್ಲ. ಪಹಣಿಯಲ್ಲಿ ಒಂದು ಅಕ್ಷರ ತಪ್ಪಿದ್ದಕ್ಕೆ ನಮ್ಮ ಮನೆಯ ಹಿರಿಯರು ತಾಲೂಕು ಕಚೇರಿಗೆ ಎಷ್ಟು ಸಲ ಅಲೆದಿದ್ದಾರೆ ಅಂತ ಕೇಳಿದರೆ ಸಾಕು. ಹೊಲ ಯಾರದು ಅನ್ನೋದು ನೇಗಿಲ ಸಾಲಿನಲ್ಲಿ ಇರಲಿಲ್ಲ, ಆ ಕಟ್ಟಿನಲ್ಲಿತ್ತು. ಓದು ಬರಹದ ಜಗತ್ತಿನಿಂದ ದೂರ ಬೆಳೆದ ಕಾವಲುಗಾರನಿಗೆ ಆ ಕಾಗದದ ಬಲ ಚೆನ್ನಾಗಿ ಅರ್ಥವಾಗಿತ್ತು. ತಮಾಷೆ ಏನೆಂದರೆ, ಇವತ್ತು ರಾಯಣ್ಣನ ಬಗ್ಗೆ ತಾರೀಕು ಸಮೇತ ನಮಗೆ ಗೊತ್ತಿರುವ ಬಹಳಷ್ಟು ಸಂಗತಿ ಉಳಿದಿರೋದು ಅವನಿಂದ ತಪ್ಪಿಸಿಕೊಂಡ ಅದೇ ಸರ್ಕಾರಿ ಕಾಗದಗಳಲ್ಲಿ. ಇನ್ನರ್ಧ ಉಳಿದದ್ದು ಲಾವಣಿ ಹಾಡುವವರ ಬಾಯಲ್ಲಿ. ಅದನ್ನೂ 19ನೇ ಶತಮಾನದ ಕೊನೆಗೆ ಅಚ್ಚಿಗೆ ತಂದದ್ದು ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿ. ಅವನು ಪ್ರಕಟಿಸಿದ ಕನ್ನಡ ಲಾವಣಿಗಳಲ್ಲಿ ರಾಯಣ್ಣನದೂ ಇದೆ.

ಮತ್ತೆ ಟೇಬಲ್‌ಗೆ ಬರೋಣ. ಕಿತ್ತೂರಿನ ಕೋಟೆ ಯುದ್ಧ ಆಡೋದು ಸುಲಭ. ಫಿರಂಗಿ ಎಷ್ಟು ದೂರ ಹೊಡೆಯುತ್ತದೆ, ಗೋಡೆ ಎಷ್ಟು ಏಟು ತಡೆಯುತ್ತದೆ, ಲೆಕ್ಕ ಹಾಕಿ ದಾಳ ಎಸೆದರೆ ಆಯಿತು. ರಾಯಣ್ಣನ ಹೋರಾಟಕ್ಕೆ ಈ ನಿಯಮ ಒಗ್ಗಲೇ ಇಲ್ಲ. ಮೊದಲ ಎರಡು ಸಲ ಆಡಿದಾಗ ಕಂಪನಿ ಅವನನ್ನು ಹುಡುಕೋದಕ್ಕೇ ಆಗಲಿಲ್ಲ, ಆಟ ಮುಗಿಯಲೇ ಇಲ್ಲ. ಬಂದೂಕಿನ ಅಂಕ ಹೆಚ್ಚಿಸಿದೆವು, ಕುದುರೆಯ ವೇಗ ಹೆಚ್ಚಿಸಿದೆವು. ಏನೂ ಬದಲಾಗಲಿಲ್ಲ. ಆಮೇಲೆ ದೋಸ್ತ ಪ್ರತಿ ಊರಿಗೂ ಒಂದು ಬೇರೆ ದಾಳ ಇಟ್ಟ. ಸುದ್ದಿಯ ದಾಳ. ಪ್ರತಿ ಸರದಿಗೂ ಅದನ್ನು ಉರುಳಿಸಬೇಕು. ಆರು ಬಿದ್ದರೆ ಆ ಊರಿನಿಂದ ಕಂಪನಿಗೆ ಸುಳಿವು ಹೋಗುತ್ತದೆ. ಆ ಊರಿನ ಗೌಡನ ಕಾಗದ ಸುಟ್ಟಿದ್ದರೆ ಐದು ಬಿದ್ದರೂ ಹೋಗುತ್ತದೆ. ಗೌಡನಿಗೆ ಇನಾಮಿನ ಆಸೆ ತೋರಿಸಿದ್ದರೆ ನಾಲ್ಕಕ್ಕೇ ಹೋಗುತ್ತದೆ. ಈ ಒಂದು ನಿಯಮ ಬಂದ ಮೇಲೆ ಆಟ ಇತಿಹಾಸದ ದಾರಿ ಹಿಡಿಯಿತು. ಕೆಂಪು ಕೋಟಿನವರು ಎಷ್ಟು ಜನ ಅನ್ನೋದು ಲೆಕ್ಕಕ್ಕೇ ಬರಲಿಲ್ಲ.

ನಿಜದಲ್ಲೂ ಆದದ್ದು ಹಾಗೆಯೇ. ಕಂಪನಿ ಒಂದು ಕಡೆ ಶಿವಲಿಂಗಪ್ಪನನ್ನು ಬಂಧಿಸಿತು, ಇನ್ನೊಂದು ಕಡೆ ರಾಯಣ್ಣನಿಂದ ಕಷ್ಟಕ್ಕೆ ಬಿದ್ದಿದ್ದ ಊರ ದೊಡ್ಡವರನ್ನು ಹಿಡಿಯಿತು. ಅವರ ಜನ ರಾಯಣ್ಣನ ಗುಂಪಿನೊಳಗೆ ಸೇರಿಕೊಂಡರು. 1830ರ ಏಪ್ರಿಲ್‌ನಲ್ಲಿ ಅವನು ಸೆರೆ ಸಿಕ್ಕ. ಡೋರಿ ಬೆಣಚಿ ಹಳ್ಳದಲ್ಲಿ ಸ್ನಾನಕ್ಕಿಳಿದಾಗ ಕತ್ತಿಯನ್ನು ನಂಬಿದವನ ಕೈಗೆ ಕೊಟ್ಟ, ಅವನು ಅದನ್ನು ತಿರುಗಿ ಕೊಡಲಿಲ್ಲ ಅಂತ ಜನಪದ ಹೇಳುತ್ತದೆ. ಹಳ್ಳದ ನೀರಿನಲ್ಲಿ ಬರಿಮೈಯಲ್ಲಿ ನಿಂತ ರಾಯಣ್ಣನ ಪ್ರತಿಮೆಯನ್ನು ಯಾವ ಸರ್ಕಲ್ಲಿನಲ್ಲೂ ನಾವು ನಿಲ್ಲಿಸಿಲ್ಲ.

ಇಲ್ಲಿ ಬಣ್ಣ ಹಚ್ಚುವವನಾಗಿ ಒಂದು ವಿಷಯ ಹೇಳಬೇಕು. ನಾನು ಕಂಪನಿ ಸೈನ್ಯದ ಮುಖಗಳಿಗೆ ಬಣ್ಣ ಕಲಸಿದ್ದೆನಲ್ಲ, ಆ ಬಟ್ಟಲು ಒಣಗುವ ಮೊದಲೇ ಕಿತ್ತೂರಿನವರ ಮುಖಗಳನ್ನೂ ಅದರಿಂದಲೇ ಮುಗಿಸಿದೆ. ಇಟ್ಟಿಗೆ ಕಂದಿಗೆ ಒಂದು ಹನಿ ಹಳದಿ, ಮೇಲೆ ತೆಳು ಕಪ್ಪಿನ ವಾಶ್, ಮೂಗಿನ ತುದಿಗೆ ಸ್ವಲ್ಪ ತಿಳಿ. ಬೇರೆ ಬಣ್ಣ ಬೇಕಾದದ್ದು ಕೆಲವೇ ಬಿಳಿ ಅಧಿಕಾರಿಗಳಿಗೆ, ಒಂದಷ್ಟು ಗೋರಾ ಸೈನಿಕರಿಗೆ, ಮತ್ತೆ ಗಜವೀರನಿಗೆ. ಉಳಿದ ಎರಡೂ ಸೈನ್ಯ ಒಂದೇ ಬಟ್ಟಲಿನವು. ಆ ಸಿಪಾಯಿಗಳಿಗೂ ಯಾವುದೋ ಊರಿನಲ್ಲಿ ಹೊಲದ ಚಿಂತೆ ಇದ್ದಿರಬೇಕು. ರಾಯಣ್ಣನ ಕಥೆಯನ್ನು ನಾವು ಬ್ರಿಟಿಷರು ವರ್ಸಸ್ ಭಾರತೀಯರು ಅಂತ ಹೇಳುವಾಗ ಈ ಬಟ್ಟಲು ನನಗೆ ಕಿರಿಕಿರಿ ಮಾಡುತ್ತದೆ. ಹಾಗಂತ ಬ್ರಿಟಿಷರ ತಪ್ಪು ಕಮ್ಮಿಯಾಯಿತು ಅಂತ ಅಲ್ಲ, ಅಲ್ಲವೇ ಅಲ್ಲ. ಆ ಆಡಳಿತ ನಿಂತದ್ದು ಹೇಗೆ ಅನ್ನೋದಕ್ಕೆ ಉತ್ತರ ಬೇಕಲ್ಲ?

1831ರ ಜನವರಿ 26ರಂದು ನಂದಗಡದ ಹತ್ತಿರ ಆಲದ ಮರಕ್ಕೆ ಅವನನ್ನು ಗಲ್ಲಿಗೇರಿಸಿದರು. ಅವನ ಜೊತೆಗಾರರಲ್ಲೂ ಕೆಲವರಿಗೆ ಅದೇ ಶಿಕ್ಷೆಯಾಯಿತು. ರಾಯಣ್ಣನಿಗೆ 32 ವರ್ಷ. ನಾನು ಈಗ ಅವನಿಗಿಂತ ದೊಡ್ಡವನು, ಮತ್ತೆ ನನ್ನ ದೊಡ್ಡ ಸಾಹಸ ಅಂದರೆ ಕ್ಯಾಂಪಸ್ ನೌಕರಿ ಬಿಟ್ಟು ಪತ್ರಿಕೋದ್ಯಮಕ್ಕೆ ಬಂದದ್ದು. ನಂದಗಡದಲ್ಲಿ ಅವನ ಸಮಾಧಿ ಇದೆ. ಮಕ್ಕಳಾಗದವರು ಅಲ್ಲಿ ಹರಕೆ ಹೊತ್ತು ಮರಕ್ಕೆ ತೊಟ್ಟಿಲು ಕಟ್ಟುತ್ತಾರೆ. ಹೋದಾಗ ಕಟ್ಟಿದ ತೊಟ್ಟಿಲುಗಳನ್ನು ನೋಡುತ್ತ ತುಂಬ ಹೊತ್ತು ನಿಂತಿದ್ದೆ. ಸರ್ಕಾರ ಕಳ್ಳ ದರೋಡೆಕೋರ ಅಂತ ಬರೆದವನ ಹತ್ತಿರ ಹೆಂಗಸರು ಮಕ್ಕಳನ್ನು ಬೇಡಿದ್ದಾರೆ. ಅವನು ವೀರನೋ ಅಲ್ಲವೋ ಅಂತ ಯಾವ ಸಮಿತಿಯನ್ನೂ ಅವರು ಕಾಯಲಿಲ್ಲ.

ಹುಟ್ಟಿದ್ದು ಆಗಸ್ಟ್ 15, ಸತ್ತದ್ದು ಜನವರಿ 26. ಇಂಥ ತಾರೀಕು ಇರುವವನನ್ನು ಯಾವ ರಾಜಕಾರಣ ಬಿಡುತ್ತದೆ ಹೇಳಿ. ಬೆಂಗಳೂರಿನ ದೊಡ್ಡ ರೈಲು ನಿಲ್ದಾಣಕ್ಕೆ ಅವನ ಹೆಸರು ಬಂತು. 2012ರಲ್ಲಿ ದೊಡ್ಡ ಬಜೆಟ್ಟಿನ ಸಿನಿಮಾ ಬಂತು, ಮಕ್ಕಳ ಕಣ್ಣಲ್ಲಿ ಈಗ ಆ ಮುಖವೇ ರಾಯಣ್ಣ. 2020ರ ಆಗಸ್ಟಿನಲ್ಲಿ ಬೆಳಗಾವಿಯ ಪೀರನವಾಡಿಯಲ್ಲಿ ಅವನ ಪ್ರತಿಮೆಗಾಗಿ ಕನ್ನಡ ಮರಾಠಿ ಜಗಳ ಲಾಠಿ ಪ್ರಹಾರದವರೆಗೆ ಹೋಗಿ, ಕೊನೆಗೆ ಪ್ರತಿಮೆ ರಾಯಣ್ಣನದು, ವೃತ್ತದ ಹೆಸರು ಶಿವಾಜಿಯದು ಅಂತ ರಾಜಿಯಾಯಿತು. 2021ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಶಿವಾಜಿ ಪ್ರತಿಮೆಗೆ ಮಸಿ ಬಿತ್ತು, ಅದರ ಬೆನ್ನಿಗೇ ಬೆಳಗಾವಿಯ ಅನಗೋಳದಲ್ಲಿ ರಾಯಣ್ಣನ ಪ್ರತಿಮೆಯನ್ನು ಕೆಡಿಸಿದರು. ಸಂಗೊಳ್ಳಿಯಲ್ಲಿ ಈಗ ಅವನ ಹೆಸರಿನ ಸೈನಿಕ ಶಾಲೆ ಇದೆ, ಅವನ ಬದುಕನ್ನು ಆಳೆತ್ತರದ ಶಿಲ್ಪಗಳಲ್ಲಿ ಹೇಳುವ ಉದ್ಯಾನ ಇದೆ. ಹುಡುಗರು ಅಲ್ಲಿ ಸೆಲ್ಫಿ ತೆಗೆಸಿಕೊಳ್ಳುತ್ತಾರೆ. ನಾನೂ ತೆಗೆಸಿಕೊಂಡೆ.

ನಮ್ಮ ಹವ್ಯಾಸದಲ್ಲಿ ಹೀರೋಯಿಕ್ ಸ್ಕೇಲ್ ಅಂತ ಒಂದು ಮಾತಿದೆ. ಸೈನಿಕ ಇಷ್ಟು ಚಿಕ್ಕವನಾದ್ದರಿಂದ ನಿಜವಾದ ಪ್ರಮಾಣದಲ್ಲಿ ಮಾಡಿದರೆ ಮೂರಡಿ ದೂರದಿಂದ ಏನೂ ಕಾಣೋದಿಲ್ಲ. ಅದಕ್ಕೇ ತಲೆ, ಕೈ, ಆಯುಧಗಳನ್ನು ಬೇಕಂತಲೇ ದಪ್ಪ ಮಾಡುತ್ತಾರೆ. ದೂರಕ್ಕೆ ಚೆನ್ನಾಗಿ ಕಾಣುತ್ತದೆ. ಹತ್ತಿರ ಹಿಡಿದರೆ ಕತ್ತಿ ಎತ್ತೋದಿರಲಿ, ಆ ತಲೆ ಹೊತ್ತು ನಡೆಯೋಕೂ ಆಗದು ಅನ್ನಿಸುತ್ತದೆ. ನಮ್ಮ ಸರ್ಕಲ್ಲುಗಳ ರಾಯಣ್ಣ ಹೀರೋಯಿಕ್ ಸ್ಕೇಲಿನವನು. ಮೀಸೆ, ತೋಳು, ಖಡ್ಗ ಎಲ್ಲವೂ ದೂರಕ್ಕೆ ಕಾಣಲಿ ಅಂತ ಉಬ್ಬಿವೆ. ಹೆಗಲ ಮೇಲಿನ ಕಂಬಳಿ ಕೆಲವೊಮ್ಮೆ ಕಾಣುತ್ತದೆ, ಕೆಲವೊಮ್ಮೆ ರಾಜರ ಶಲ್ಯವಾಗಿ ಬದಲಾಗುತ್ತದೆ. ಹೊಲ ಎಲ್ಲೂ ಕಾಣೋದಿಲ್ಲ. ಅವನ ಸಮುದಾಯದ ಹುಡುಗರು ಆ ಉಬ್ಬಿದ ತೋಳು ನೋಡಿ ಎದೆಯುಬ್ಬಿಸಿ ನಡೆಯುತ್ತಾರೆ ಅನ್ನೋದನ್ನೂ ನಾನು ಬಲ್ಲೆ. ನೂರಾರು ವರ್ಷ ಯಾರೂ ಇವರ ಜನರ ಪ್ರತಿಮೆ ನಿಲ್ಲಿಸಿರಲಿಲ್ಲ. ಅದಕ್ಕೆ ಅಡ್ಡ ಮಾತಾಡೋದಕ್ಕೆ ನನಗೆ ಮನಸ್ಸಿಲ್ಲ. ನನ್ನ ತಕರಾರು ಆ ತೋಳಿನ ಮರೆಯಲ್ಲಿ ಶೇತ್‌ಸನದಿ ಕಾಣದಾದ ಅನ್ನೋದಷ್ಟೇ. ಭೂ ದಾಖಲೆ, ಕಂದಾಯ, ಊರ ಗೌಡನ ಕೈವಾಡ ಇವೆಲ್ಲ ಕಣ್ಣಿಗೆ ಬಿದ್ದರೆ ಅವನ ಪ್ರತಿಮೆ ಉದ್ಘಾಟಿಸುವ ಎಷ್ಟೋ ಜನರಿಗೆ ಹಾರ ಹಾಕೋದು ಕಷ್ಟವಾದೀತು.

ಹೋದ ತಿಂಗಳು ಕಡೆಗೂ ಕಿಟಕಿಯಿಂದ ಮುಚ್ಚಳ ಕೆಳಗಿಳಿಸಿದೆ. ದೋಸ್ತ ಮೊದಲು ಮಾಡಿದ್ದ ಹೀರೋಯಿಕ್ ಸ್ಕೇಲಿನ ಆಕೃತಿ ಬಿಟ್ಟು, ಪ್ರಮಾಣ ತಿದ್ದಿ ಇನ್ನೊಂದು ತೆಗೆಸಿದೆ. ಕತ್ತಿ ಮೇಲೆತ್ತಿಲ್ಲ, ಸೊಂಟದಲ್ಲಿದೆ. ಕೈಯಲ್ಲಿ ಹೊತ್ತಿದ ಪಂಜು.

ಕಂಬಳಿ ಸುಲಭ ಅಂದುಕೊಂಡಿದ್ದೆ, ಅದೇ ಹೆಚ್ಚು ಹೊತ್ತು ಹಿಡಿಯಿತು. ನಮ್ಮ ಕಡೆಯ ಕುರಿಯ ಕರಿ ಉಣ್ಣೆ ನಿಜಕ್ಕೂ ಕಪ್ಪಲ್ಲ. ಬಿಸಿಲಿಗೆ ಹಿಡಿದರೆ ಕಂದು ಹೊಡೆಯುತ್ತದೆ, ಹಳತಾದರೆ ಅಂಚಿನಲ್ಲಿ ಬೂದಿಯಾಗುತ್ತದೆ. ಈ ಅಳತೆಯಲ್ಲಿ ಶುದ್ಧ ಕಪ್ಪು ಹಚ್ಚಿದರೆ ಅದು ತೂತಿನಂತೆ ಕಾಣುತ್ತದೆ. ಕಡು ಕಂದಿನಿಂದ ಶುರು ಮಾಡಿ, ಒಣ ಬ್ರಷ್‌ನಿಂದ ಬೂದಿ ಬಣ್ಣವನ್ನು ಮಡಿಕೆಗಳ ಮೇಲೆ ಸವರಿದೆ. ಚಲ್ಲಣಕ್ಕೆ ಒಗೆದೂ ಒಗೆದೂ ಮಾಸಿದ ಬಿಳಿ. ಮೀಸೆ ಇಟ್ಟೆ, ಆದರೆ ಸಣ್ಣದು. ಮುಖಕ್ಕೆ ಅದೇ ಬಟ್ಟಲಿನ ಕಂದು, ಎಡಗೆನ್ನೆಗೆ ಪಂಜಿನ ಬೆಳಕು ಬೀಳುವಂತೆ ಒಂದು ಎಳೆ ಕಿತ್ತಳೆ. ಕಾಲ ಕೆಳಗೆ ತೆಳು ಕಾಗದವನ್ನು ಚೂರು ಮಾಡಿ, ಅಂಚು ಸುಟ್ಟು ಅಂಟಿಸಿದೆ.

ರುಮಾಲು ಉಳಿಯಿತು. ಕೆಂಪು ಅಂದರೆ ಕಂಪನಿಯ ಕೋಟಿನ ಜೊತೆ ಕಲಸಿಹೋಗುತ್ತದೆ. ಹಳದಿ ಅಂದರೆ ಭಂಡಾರದ ಬಣ್ಣ, ಅವನಿಗೆ ಒಪ್ಪುತ್ತದೆ, ಆದರೆ ಕೆಂಪು ಕಟ್ಟಿನ ಪಕ್ಕ ಹಳದಿ ಕಂಡರೆ ನೋಡುವವರಿಗೆ ನಾಡಧ್ವಜವೇ ನೆನಪಾಗುತ್ತದೆ. ಕೇಸರಿ, ಹಸಿರು, ನೀಲಿಗಳ ಕಥೆ ನಿಮಗೆ ಹೇಳಬೇಕಿಲ್ಲ. 1830ರಲ್ಲಿ ಒಂದು ಬಟ್ಟೆ ಬರೀ ಬಟ್ಟೆಯಾಗಿತ್ತು. ಇವತ್ತು ತಲೆಗೆ ಸುತ್ತಲು ಪಕ್ಷವಿಲ್ಲದ ಬಣ್ಣ ಹುಡುಕಿದರೆ ಸಿಗೋದಿಲ್ಲ. ಅರ್ಧ ಗಂಟೆ ಕೂತು ಕೊನೆಗೆ ಬಣ್ಣ ಹಾಕದ ಹತ್ತಿಯ ಬಿಳಿಯನ್ನೇ ಹಚ್ಚಿದೆ, ಹಣೆ ತಾಗುವ ಕಡೆ ಬೆವರಿನ ಕಂದು ಗೆರೆ ಎಳೆದೆ. ಎರೆಹೊಲದಲ್ಲಿ ಕೆಲಸ ಮಾಡಿ ಬಂದವರ ರುಮಾಲಿನಲ್ಲಿ ಆ ಗೆರೆ ನಾನು ಚಿಕ್ಕಂದಿನಿಂದ ನೋಡಿದ್ದೇನೆ.

ಈಗ ಬೀಡಿ ಕಚೇರಿಯ ಆಟಕ್ಕೆ ಇನ್ನೊಬ್ಬ ಬೇಕು. ಬೆಂಕಿ ಬೀಳುವಾಗ ದಫ್ತರದ ಕಟ್ಟು ಎದೆಗವಚಿಕೊಂಡು ಹಿಂಬಾಗಿಲಿನಿಂದ ಓಡುವ ಗುಮಾಸ್ತ. ಆಕೃತಿ ತಯಾರಾಗಿದೆ, ಪ್ರೈಮರ್ ಹೊಡೆದಾಗಿದೆ. ಆ ಕಾಲದ ಕಚೇರಿ ಗುಮಾಸ್ತ ಕೋಟು ತೊಡುತ್ತಿದ್ದನೋ, ಬರೀ ಅಂಗರಖಾ ಸಾಕಿತ್ತೋ, ದಫ್ತರದ ಕಟ್ಟಿಗೆ ಸುತ್ತುತ್ತಿದ್ದ ಬಟ್ಟೆ ಯಾವ ಬಣ್ಣದ್ದೋ, ಕಿತ್ತೂರು ಸೀಮೆಯ ಹಳೇ ಮನೆಗಳ ಅಟ್ಟದಲ್ಲಿ ಏನಾದರೂ ಕಂಡಿದ್ದರೆ ಬರೆದು ತಿಳಿಸಿ. ಅಲ್ಲಿಯವರೆಗೆ ಅವನು ಕಿಟಕಿಯಲ್ಲಿ ನಿಂತಿರುತ್ತಾನೆ.